ನೀರು ನೋಡುವವನ ಪಾಲು

ಬುಧವಾರ, ಎರಡನೇ ಅವಧಿ. ಕೊನೆಯ ವರ್ಷದ ಹನ್ನೊಂದು ಮಕ್ಕಳು.
ಇವತ್ತು ಕುಂಚ ಒಳಗಿಡಿ ಎಂದೆ.
ಇವತ್ತು ಕೊಟೇಶನ್ ಬರೆಯುವುದು ಹೇಗೆ,
ಅಡ್ವಾನ್ಸ್ ಕೇಳುವುದು ಹೇಗೆ,
"ಇನ್ನೊಂದು ಸಲ ಬಣ್ಣ ಬದಲಿಸಿ ನೋಡುವಾ" ಎಂದವರಿಗೆ
ನಗುತ್ತಲೇ ಇಲ್ಲ ಅನ್ನುವುದು ಹೇಗೆ.

ಕಾಜುಬಾಗಿನ ಈ ಮಹಡಿಯ ಕಿಟಕಿಗೆ ಕಡಲು ಕಾಣುತ್ತದೆ,
ಅದೇ ತೊಂದರೆ.
ಜಿಎಸ್‌ಟಿ ಅಂದ ಕೂಡಲೇ ಎಲ್ಲರ ಕಣ್ಣೂ ಅಲ್ಲಿಗೇ.

ಗುಡಿಗಾರರ ರೋಹಿದಾಸ ಕೇಳಿದ:
"ಮೇಡಂ, ನಮ್ಮಜ್ಜ ಗಂಧದ ಪೆಟ್ಟಿಗೆ ಕೆತ್ತಿ
ಬೆಲೆ ಹೇಳುವಾಗ ಗೋಡೆ ನೋಡುತ್ತಿದ್ದ.
ಮುಖ ನೋಡಿ ದುಡ್ಡು ಕೇಳುವುದು
ಯಾವ ಸೆಮಿಸ್ಟರಿನಲ್ಲಿ ಬರುತ್ತದೆ?"
ನಕ್ಕರು. ನಾನೂ ನಕ್ಕೆ.
ಶಿರಸಿಯ ಮಿಠಾಯಿ ಅಂಗಡಿಯೊಂದರ ಡಬ್ಬಿಯ ಮೇಲೆ
ನಾನು ಬರೆದ ನವಿಲು ಇವತ್ತಿಗೂ ಗರಿ ಬಿಚ್ಚಿ ನಿಂತಿದೆ;
ಕೂಲಿ ಅಂತ ಬಂದದ್ದು ಅರ್ಧ ಕಿಲೋ ಬೇಸನ್ ಲಾಡು,
ಅದೂ ಮುರಿದದ್ದು.
ಹೇಳಲಿಲ್ಲ. ಬೋರ್ಡಿನ ಮೇಲೆ ಗೆರೆ ಎಳೆದೆ:
ಸಾಮಾನು. ಸಮಯ. ಸಾರಿಗೆ. ಒಟ್ಟು.

ಮನೆಗೆಲಸ: ನೀವು ಪುಕ್ಕಟೆ ಮಾಡಿಕೊಟ್ಟ ಒಂದು ಕೆಲಸಕ್ಕೆ
ಈಗ ಬಿಲ್ಲು ಬರೆದು ತನ್ನಿ.

ಮಿಲಾಗ್ರಿನ್ ತಂದಳು, ಅಕ್ಕನ ಮದುವೆಯ ಕರೆಯೋಲೆ, ಮುನ್ನೂರು ಪ್ರತಿ;
ಕೊನೆಗೆ "ರಿಯಾಯಿತಿ: ಪೂರ್ತಿ" ಎಂದು ಬರೆದಿದ್ದಳು.
ತಬಸ್ಸುಮ್‌ಳದ್ದು ಖಾಲಿ ಹಾಳೆ.
"ಅಮ್ಮಿಯ ದುಪಟ್ಟಾಕ್ಕೆ ಬಳ್ಳಿ ಬರೆದುಕೊಟ್ಟೆ,
ಸೊನ್ನೆ ಎಷ್ಟು ಹಾಕಬೇಕೋ ತಿಳಿಯಲಿಲ್ಲ."

ಪ್ರಣೋತಿ ತಾಂಡೇಲಳದ್ದು ಎರಡು ಪುಟ.
ಬೈತಖೋಲ ಬಂದರಿನಲ್ಲಿ ಮಾವನ ಬೋಟಿನ ಮೂತಿಗೆ
ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೆಸರು ಬರೆದ ಲೆಕ್ಕ:
ಎನಾಮೆಲ್, ನೀಲಿ ಒಂದು ಲೀಟರ್, ಹಳದಿ ಅರ್ಧ.
ಟರ್ಪೆಂಟೈನ್. ಉಪ್ಪು ಕೆರೆಯಲು ಪಾಲಿಶ್ ಪೇಪರ್, ಆರು.
ಅಕ್ಷರ ಹದಿನಾರು, ಒತ್ತು ಬೇರೆ.
ಕಡೆಯ ಸಾಲು:
ನೀರು ಇಳಿಯಲೆಂದು ಕಾದದ್ದು, ಐದು ತಾಸು.
ಅದರ ಮುಂದೆ ಒಂದು ಸಣ್ಣ ಸೊನ್ನೆ.

"ಕಾದದ್ದಕ್ಕೆ ದರ ಏನು, ಮೇಡಂ?"
ಪುಸ್ತಕದಲ್ಲಿ ಇರಲಿಲ್ಲ.
"ಕಾಯುವುದು ಕೆಲಸವಲ್ಲ" ಅಂದುಬಿಟ್ಟೆ,
ಅಂದ ಮೇಲೆ ನಾಲಿಗೆ ಕಹಿ.

ಭಾನುವಾರ ಅವಳು ಬಿಲ್ಲನ್ನು ಮಾವನಿಗೇ ಕೊಟ್ಟಳಂತೆ, ತಮಾಷೆಗೆ.
ಮಾವ ಹರಿದ ಬಲೆ ಕೆಳಗಿಟ್ಟು, ಕೈ ಒರೆಸಿಕೊಂಡು
ಸಾಲಿನ ಮೇಲೆ ಬೆರಳಿಟ್ಟು ಓದಿದನಂತೆ.
ಸೊನ್ನೆಯ ಬಳಿ ಬೆರಳು ನಿಂತಿತು.

"ಇದೆಂಥ ಲೆಕ್ಕ, ಬಾಯ?
ನಮ್ಮ ಬೋಟಿನಲ್ಲಿ ಬಲೆ ಎಳೆದವನಿಗೆ ಒಂದು ಪಾಲು,
ಅಡುಗೆಯ ಪೋರನಿಗೆ ಮುಕ್ಕಾಲು.
ಬಲೆ ಮುಟ್ಟದೆ, ಮಾತಾಡದೆ, ಬೆಳಗಿನಿಂದ
ಹಿಂಡು ಎಲ್ಲಿ ಎದ್ದೀತೆಂದು ನೀರು ನೋಡುತ್ತ ನಿಂತಿರುತ್ತಾನಲ್ಲ,
ಅವನಿಗೆ ಎಷ್ಟು, ಗೊತ್ತುಂಟಾ?
ಒಂದೂವರೆ."

ಸೊನ್ನೆ ಹೊಡೆದು ತಾನೇ ಅಂಕಿ ಬರೆದನಂತೆ.
ದುಡ್ಡು ಎಣಿಸಿ ಕೊಟ್ಟನಂತೆ, ನೋಟಿಗೆಲ್ಲ ಬಂಗುಡೆಯ ವಾಸನೆ.
ಕೊಟ್ಟು, "ರಶೀದಿ?" ಎಂದನಂತೆ.
ರಶೀದಿ ಪುಸ್ತಕ ಅವಳ ಹತ್ತಿರ ಇರಲಿಲ್ಲ.
ಅದನ್ನು ನಾನು ಕಲಿಸಿರಲಿಲ್ಲ.

ಈ ಬುಧವಾರ ಬೋರ್ಡಿನಲ್ಲಿ ಇನ್ನೊಂದು ಅಂಕಣ ಎಳೆದೆ.
ಸೀಮೆಸುಣ್ಣ ಮುರಿಯಿತು;
ಉಳಿದ ತುಂಡಿನಲ್ಲಿ ಬರೆದೆ: ಕಾದದ್ದು.

ರಾತ್ರಿ ಕೋಡಿಬಾಗದ ಬಾಡಿಗೆ ಕೋಣೆಯಲ್ಲಿ
ಪ್ರಾಂಶುಪಾಲರಿಗೆ ಒಂದು ಪತ್ರ ಸುರು ಮಾಡಿದೆ.
ವಿಷಯ: ಅತಿಥಿ ಉಪನ್ಯಾಸಕಿಯ ಗೌರವಧನ,
ಜೂನ್, ಜುಲೈ, ಆಗಸ್ಟ್, ಸೆಪ್ಟೆಂಬರ್.
"ದಯವಿಟ್ಟು" ಎಂದು ಬರೆದೆ. ಹೊಡೆದುಹಾಕಿದೆ.
ಮತ್ತೆ ಬರೆದೆ.
ಕಾಳಿಯ ಸೇತುವೆಯ ಮೇಲೆ ಲಾರಿಗಳು ಹೋಗುತ್ತಲೇ ಇದ್ದವು.
ಗೋಡೆ ನೋಡದೆ ಬೆಲೆ ಹೇಳಬೇಕು.
ಕೋಣೆಯಲ್ಲಿ ಎತ್ತ ತಿರುಗಿದರೂ ಗೋಡೆಯೇ.